ಕಡಲಪಾಚಿಯ ಕಂದುವರ್ಣ: ಗುಣವೂ ಪ್ರಮಾಣವೂ



ಆಹಾರಕ್ಕೂ ಆರೋಗ್ಯಕ್ಕೂ ಸಂಬಂಧಪಟ್ಟ ಯಾವುದಾದರೊಂದು ವಿಷಯವನ್ನು ಶಾಸ್ತ್ರದ ಪರಿಭಾಷೆಯ ಭಾರವಿಲ್ಲದೆ, ಆದರೆ ಶಾಸ್ತ್ರಕ್ಕೆ ಅಪಚಾರವಾಗದಂತೆ, ಸಾರ್ವಜನಿಕರ ಮುಂದೆ ನಿರೂಪಿಸತಕ್ಕದ್ದೆಂಬುದು ಈ ಉಪನ್ಯಾಸದ ಉದ್ದೇಶವಾಗಿರುವುದರಿಂದ, ಇತ್ತೀಚೆಗೆ ಔಷಧದಂಗಡಿಗಳ ಗಾಜಿನ ಕಪಾಟುಗಳಲ್ಲಿ ಕಾಣಿಸಿಕೊಳ್ಳತೊಡಗಿರುವ ಒಂದು ಪೂರಕದ್ರವ್ಯವನ್ನು ನಾನು ಆರಿಸಿಕೊಂಡಿರುವೆನು. ಅದರ ಹೆಸರು ಫ್ಯೂಕೋಕ್ಸಾಂಥಿನ್. ಕಂದು ಕಡಲಪಾಚಿಗೆ ಆ ಕಂದುಬಣ್ಣವನ್ನು ಕೊಡುವ ವರ್ಣದ್ರವ್ಯವೇ ಇದು. ದೇಹದ ಕೊಬ್ಬನ್ನು ಕರಗಿಸುವುದು, ರಕ್ತದ ಸಕ್ಕರೆಯನ್ನು ತಗ್ಗಿಸುವುದು, ಯಕೃತ್ತನ್ನು ಕಾಯುವುದು, ಮುಪ್ಪನ್ನು ಮುಂದೂಡುವುದು ಎಂಬ ನಾನಾ ಗುಣಗಳನ್ನು ಇದಕ್ಕೆ ಆರೋಪಿಸಲಾಗಿದೆ. ಆರೋಪಿಸಿದವರೆಲ್ಲರೂ ವ್ಯಾಪಾರಿಗಳೇ ಅಲ್ಲ, ಗಂಭೀರರಾದ ಸಂಶೋಧಕರೂ ಅವರಲ್ಲಿ ಉಂಟು.

ನನ್ನ ಮಾತಿನ ವ್ಯಾಪ್ತಿಯನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಈ ದ್ರವ್ಯವು ಸಮುದ್ರಸಸ್ಯಕ್ಕೆ ಏನು ಉಪಕಾರ ಮಾಡುತ್ತದೆಂಬುದನ್ನು ಮೊದಲು ನೋಡೋಣ. ಬಳಿಕ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳನ್ನು ಪರಿಶೀಲಿಸೋಣ. ಅಲ್ಲಿಂದ ಮನುಷ್ಯರ ಮೇಲಣ ಪರೀಕ್ಷೆಗಳಿಗೆ ಬರೋಣ. ನನ್ನ ಅವಧಿಯ ಹೆಚ್ಚಿನ ಭಾಗವು ಅಲ್ಲಿಯೇ ಕಳೆಯಲಿರುವುದು. ಕೊನೆಗೆ, ಪಾಚಿಯ ಸಂಗಡ ಬರುವ ಅಯೋಡಿನ್ ಮೊದಲಾದ ಪದಾರ್ಥಗಳ ವಿಚಾರವಾಗಿ ಕೆಲವು ಮಾತು. ಈ ವರ್ಣದ್ರವ್ಯಕ್ಕೆ ಗುಣವಿಲ್ಲವೆಂದು ವಾದಿಸಲು ನಾನು ಬಂದಿಲ್ಲ. ಗುಣವನ್ನು ಕುರಿತು ನನ್ನ ಸಂಶಯ ಅತ್ಯಲ್ಪ. ಸಂಶಯವಿರುವುದು ಪ್ರಮಾಣವನ್ನು ಕುರಿತು.

ನೆಲದ ಮೇಲೆ ಬೆಳೆಯುವ ಗಿಡಕ್ಕೆ ಸೂರ್ಯಪ್ರಕಾಶದ ಎಲ್ಲ ಬಣ್ಣಗಳೂ ಸಮೃದ್ಧಿಯಾಗಿ ದೊರೆಯುತ್ತವೆ. ಪತ್ರಹರಿತ್ತು ಅವುಗಳಲ್ಲಿ ಕೆಂಪನ್ನೂ ನೀಲಿಯನ್ನೂ ಹೀರಿಕೊಂಡು ಹಸುರನ್ನು ಬಿಟ್ಟುಕೊಡುತ್ತದೆ. ಸಮುದ್ರದೊಳಗಿನ ಸ್ಥಿತಿ ಬೇರೆ. ನೀರು ಕೆಂಪುಕಿರಣಗಳನ್ನು ಮೇಲಣ ಕೆಲವೇ ಮೀಟರುಗಳಲ್ಲಿ ನುಂಗಿಬಿಡುವುದರಿಂದ ಆಳಕ್ಕೆ ಇಳಿಯುವ ಬೆಳಕು ಬಹುಮಟ್ಟಿಗೆ ನೀಲಿಹಸುರಿನದು. ಪತ್ರಹರಿತ್ತೊಂದನ್ನೇ ನಂಬಿಕೊಂಡ ಸಸ್ಯವು ಅಲ್ಲಿ ದಾರಿದ್ರ್ಯದಲ್ಲಿ ಬಾಳಬೇಕಾಗುತ್ತಿತ್ತು. ಫ್ಯೂಕೋಕ್ಸಾಂಥಿನ್ ಆ ನೀಲಿಹಸುರು ಬೆಳಕನ್ನೇ ಹಿಡಿದು, ಅದರ ಶಕ್ತಿಯನ್ನು ಪತ್ರಹರಿತ್ತಿಗೆ ದಾಟಿಸುತ್ತದೆ. ಕಂದುಪಾಚಿಗಳಲ್ಲಿ ಮಾತ್ರವಲ್ಲದೆ, ಬರಿಗಣ್ಣಿಗೆ ಕಾಣದ ಡಯಾಟಮುಗಳೆಂಬ ಏಕಕೋಶಜೀವಿಗಳಲ್ಲಿಯೂ ಇದು ಇರುವುದು; ಭೂಮಂಡಲದಲ್ಲಿ ನಡೆಯುವ ಒಟ್ಟು ದ್ಯುತಿಸಂಶ್ಲೇಷಣೆಯ ಸುಮಾರು ಐದನೆಯ ಒಂದು ಭಾಗವು ಆ ಡಯಾಟಮುಗಳ ಕೆಲಸವೆಂಬುದನ್ನು ನೆನೆದರೆ, ನಿಸರ್ಗದಲ್ಲಿ ಹುಟ್ಟುವ ಕ್ಯಾರೊಟಿನಾಯ್ಡ್ ವರ್ಗದ ದ್ರವ್ಯಗಳಲ್ಲಿ ನೂರಕ್ಕೆ ಹತ್ತಕ್ಕೂ ಮಿಕ್ಕ ಭಾಗ ಇದೊಂದೇ ಆಗಿರುವುದು ಆಶ್ಚರ್ಯವಲ್ಲ. ಗಜ್ಜರಿಯ ಕೇಸರಿಬಣ್ಣ, ಮೆಕ್ಕೆಜೋಳದ ಹಳದಿಬಣ್ಣ ಇವುಗಳ ಜ್ಞಾತಿ ಇದು.

ಕಂದುಪಾಚಿಗಳಿಂದ ಇದನ್ನು ಮೊತ್ತಮೊದಲು ಶುದ್ಧರೂಪದಲ್ಲಿ ಬೇರ್ಪಡಿಸಿದವರು ಜರ್ಮನಿಯ ರಿಚರ್ಡ್ ವಿಲ್‌ಸ್ಟೆಟರ್ ಮತ್ತು ಅವರ ಸಹೋದ್ಯೋಗಿ ಹೆರಾಲ್ಡ್ ಪೇಜ್, ವರ್ಷ 1914. ಸಸ್ಯವರ್ಣದ್ರವ್ಯಗಳ ಮೇಲಣ ಕೆಲಸಕ್ಕಾಗಿ ವಿಲ್‌ಸ್ಟೆಟರ್‌ರಿಗೆ ಮರುವರ್ಷವೇ ನೊಬೆಲ್ ಪಾರಿತೋಷಕ ಸಂದಿತು. ಅದರ ಅಣುವಿನಲ್ಲಿ 42 ಇಂಗಾಲ, 58 ಜಲಜನಕ, 6 ಆಮ್ಲಜನಕದ ಪರಮಾಣುಗಳು. ಅದರ ಒಂದು ತುದಿಯಲ್ಲಿ ಒಂದೇ ಇಂಗಾಲವು ತನ್ನ ಎರಡು ಕಡೆಯ ನೆರೆಯವರೊಡನೆಯೂ ದ್ವಿಬಂಧದಿಂದ ಕೂಡಿಕೊಂಡಿರುವುದು ರಸಾಯನಶಾಸ್ತ್ರಜ್ಞರ ಕಣ್ಣಿಗೆ ವಿಶೇಷವಾದ ಸಂಗತಿ. ಇದರ ಗುಣಗಳಿಗೆಲ್ಲ ಆ ಬಂಧವೇ ಕಾರಣವೆಂದು ಹಲವರು ಭಾವಿಸಿರುವರು. ದ್ರವ್ಯವು ಮಾತ್ರ ಬಲು ಸುಕುಮಾರವಾದದ್ದು. ಬೆಳಕು, ಶಾಖ, ಗಾಳಿ ಮೂರೂ ಅದಕ್ಕೆ ವಿರೋಧಿಗಳು. ಜಪಾನಿನಲ್ಲಿ ವಕಾಮೆಯೆಂಬ ಕಂದುಪಾಚಿಯನ್ನು ಕುದಿನೀರಿನಲ್ಲಿ ಅದ್ದಿದ ಕ್ಷಣವೇ ಅದು ಥಟ್ಟನೆ ಹಸುರಾಗುವುದನ್ನು ಅಲ್ಲಿನ ಗೃಹಿಣಿಯರೆಲ್ಲರೂ ಬಲ್ಲರು: ವರ್ಣದ್ರವ್ಯವನ್ನು ಹಿಡಿದಿಟ್ಟಿದ್ದ ಪ್ರೋಟೀನಿನ ಹಿಡಿತವು ಶಾಖಕ್ಕೆ ಸಡಿಲಿ, ಕಂದು ಮಾಯವಾಗಿ, ಅದುವರೆಗೆ ಮುಚ್ಚಿಹೋಗಿದ್ದ ಪತ್ರಹರಿತ್ತು ಕಾಣಿಸಿಕೊಳ್ಳುತ್ತದೆ.

ನಮ್ಮ ಕರಾವಳಿಗೂ ಈ ಕುಲದ ಸಸ್ಯಗಳು ಅಪರಿಚಿತವಲ್ಲ. ಕಾರವಾರದ ಸುತ್ತಣ ಬಂಡೆಗಳಲ್ಲಿ ನೀರಿಳಿತದ ವೇಳೆಗೆ ಹೋಗಿ ನೋಡಿದರೆ ಸರ್ಗಾಸಮ್ ಎಂಬ ಕವಲೊಡೆದ ಪಾಚಿಯೂ, ಬೀಸಣಿಗೆಯಾಕಾರದ ಪ್ಯಾಡಿನವೂ ಕಾಣಸಿಗುತ್ತವೆ. ಅವುಗಳನ್ನು ತಿನ್ನುವ ಪದ್ಧತಿ ಮಾತ್ರ ನಮ್ಮಲ್ಲಿ ಬೆಳೆದುಬರಲಿಲ್ಲ.

ಇನ್ನು ಎರಡನೆಯ ಭಾಗಕ್ಕೆ, ಎಂದರೆ ಪ್ರಯೋಗಶಾಲೆಗೆ, ಬರೋಣ.

ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದ ಹಕೊಡಾಟೆ ಬಂದರಿನಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದ ಮೀನುಗಾರಿಕಾ ವಿಜ್ಞಾನದ ವಿಭಾಗವಿದೆ. ಕಾಜುವೊ ಮಿಯಾಶಿಟ ಮತ್ತು ಹಯಾಟೊ ಮಯೇಡ ಎಂಬವರೂ ಅವರ ಸಂಗಡಿಗರೂ 2005ರಲ್ಲಿ ಅಲ್ಲಿಂದ ಒಂದು ಲೇಖನವನ್ನು ಪ್ರಕಟಿಸಿದರು. ವಕಾಮೆಯಿಂದ ತೆಗೆದ ಫ್ಯೂಕೋಕ್ಸಾಂಥಿನ್ನನ್ನು ತಿಂದ ಇಲಿ ಮತ್ತು ಸುಂಡಿಲಿಗಳ ಹೊಟ್ಟೆಯ ಬಿಳಿಕೊಬ್ಬು ಗಣನೀಯವಾಗಿ ತಗ್ಗಿತೆಂಬುದಷ್ಟೇ ಆ ಲೇಖನದ ವಾರ್ತೆಯಾಗಿದ್ದಿದ್ದರೆ ಅದು ಅಷ್ಟು ಪ್ರಸಿದ್ಧವಾಗುತ್ತಿರಲಿಲ್ಲ. ಆ ಬಿಳಿಕೊಬ್ಬಿನೊಳಗೆ, ಸಾಮಾನ್ಯವಾಗಿ ಅಲ್ಲಿ ಇರಬಾರದ ಒಂದು ಪ್ರೋಟೀನು ಕಾಣಿಸಿಕೊಂಡಿತೆಂಬುದೇ ಅದರ ಹಿರಿಮೆ. ಯುಸಿಪಿ-1 ಎಂದು ಅದರ ಹೆಸರು.

ಈ ಪ್ರೋಟೀನಿನ ಕೆಲಸವನ್ನು ಸ್ವಲ್ಪ ವಿವರಿಸಬೇಕು. ನಮ್ಮ ಜೀವಕೋಶಗಳೊಳಗಿನ ಮೈಟೊಕಾಂಡ್ರಿಯಗಳು ಆಹಾರದ ಶಕ್ತಿಯನ್ನು ಒಂದು ಪೊರೆಯ ಆಚೆಗೆ ಜಲಜನಕದ ಅಯಾನುಗಳ ರೂಪದಲ್ಲಿ ಕೂಡಿಹಾಕಿ, ಅವು ಮರಳಿ ಒಳಕ್ಕೆ ಬರುವಾಗ ದೇಹಕ್ಕೆ ಬೇಕಾದ ರಾಸಾಯನಿಕ ಶಕ್ತಿಯನ್ನು ತಯಾರಿಸಿಕೊಳ್ಳುತ್ತವೆ. ಕೆರೆಯ ನೀರು ತೂಬಿನಿಂದ ಹರಿದರೆ ಗದ್ದೆ ಬೆಳೆಯುತ್ತದೆ. ಕೋಡಿ ಬಿದ್ದು ಹರಿದರೆ ಕೆರೆ ತಗ್ಗುತ್ತದೆಯೇ ಹೊರತು ಬೆಳೆ ಬರುವುದಿಲ್ಲ. ಯುಸಿಪಿ-1 ತೆರೆಯುವುದು ಇಂಥ ಕೋಡಿಯನ್ನು. ಶಕ್ತಿಯು ಕೆಲಸಕ್ಕೆ ಸಲ್ಲದೆ ಬರಿಯ ಶಾಖವಾಗಿ ಹೊರಟುಹೋಗುತ್ತದೆ. ಹಸುಗೂಸುಗಳೂ ಚಳಿಗಾಲದಲ್ಲಿ ನಿದ್ರಿಸುವ ಪ್ರಾಣಿಗಳೂ ಮೈಯನ್ನು ಬೆಚ್ಚಗಿರಿಸಿಕೊಳ್ಳುವುದು ಕಂದುಕೊಬ್ಬೆಂಬ ವಿಶೇಷ ಧಾತುವಿನಲ್ಲಿ ಈ ಪ್ರೋಟೀನು ತುಂಬಿರುವುದರಿಂದಲೇ. ಬಿಳಿಕೊಬ್ಬು ಶೇಖರಿಸಿಡುವ ಧಾತು, ಕಂದುಕೊಬ್ಬು ಉರಿಸುವ ಧಾತು. ಶೇಖರಿಸುವುದನ್ನೇ ಉರಿಸುವುದಾಗಿ ಮಾರ್ಪಡಿಸುವ ದ್ರವ್ಯವೊಂದು ದೊರೆತರೆ ಸ್ಥೌಲ್ಯಚಿಕಿತ್ಸೆಯಲ್ಲಿ ಹೊಸ ಅಧ್ಯಾಯವೇ ತೆರೆಯುವುದೆಂಬ ಆಶೆಯು ಸಹಜವಾದುದೇ. 2007ರಲ್ಲಿ ಇದೇ ತಂಡವು, ಮಧುಮೇಹದ ಪ್ರವೃತ್ತಿಯುಳ್ಳ ಸ್ಥೂಲ ಸುಂಡಿಲಿಗಳಲ್ಲಿ ಮೀನೆಣ್ಣೆಯೊಡನೆ ಈ ದ್ರವ್ಯವನ್ನು ಕೊಟ್ಟಾಗ ಕೊಬ್ಬಿನ ಬೆಳವಣಿಗೆ ಕುಂದಿ ರಕ್ತದ ಸಕ್ಕರೆಯೂ ಇಳಿಯಿತೆಂದು ವರದಿ ಮಾಡಿತು.

ಈ ಕಥೆಯಲ್ಲಿ ನಮ್ಮ ಮೈಸೂರಿಗೂ ಒಂದು ಸ್ಥಾನವಿರುವುದನ್ನು ಹೇಳದೆ ಮುಂದುವರಿದರೆ ಅನ್ಯಾಯವಾದೀತು. ಅಲ್ಲಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದ ಎನ್. ಎಂ. ಸಚೀಂದ್ರ ಅವರು ಹಕೊಡಾಟೆಯ ತಂಡದೊಡನೆ ದುಡಿದು, ಫ್ಯೂಕೋಕ್ಸಾಂಥಿನ್ ಮತ್ತು ದೇಹದೊಳಗೆ ಅದರಿಂದ ಹುಟ್ಟುವ ದ್ರವ್ಯಗಳು ಹಾನಿಕಾರಕ ಮುಕ್ತಮೂಲಕಗಳನ್ನು ಎಷ್ಟರಮಟ್ಟಿಗೆ ತಣಿಸುತ್ತವೆಂಬುದನ್ನು ಅಳೆದು 2007ರಲ್ಲಿ ಪ್ರಕಟಿಸಿದರು; ಮುಕ್ತಮೂಲಕಗಳನ್ನು ತಣಿಸುವಲ್ಲಿ ಇವು ಸಮರ್ಥವೆಂದೂ, ಸಿಂಗ್ಲೆಟ್ ಎಂಬ ಉದ್ರಿಕ್ತ ಸ್ಥಿತಿಯ ಆಮ್ಲಜನಕವನ್ನು ತಣಿಸುವಲ್ಲಿ ಗಜ್ಜರಿಯ ಬೀಟಾ-ಕ್ಯಾರೊಟಿನ್ನಿಗಿಂತ ಹಿಂದೆಂದೂ ಕಂಡುಬಂತು. ಅದೇ ಸಂಶೋಧನಾಲಯದಲ್ಲಿ, ಎ ಜೀವಸತ್ತ್ವದ ಕೊರತೆಯಿಂದ ಬಳಲುವ ಇಲಿಗಳಿಗೆ ಫ್ಯೂಕೋಕ್ಸಾಂಥಿನ್ ಕೊಟ್ಟು, ಆ ಕೊರತೆಯಿಂದಾಗುವ ಉತ್ಕರ್ಷಣದ ಹಾನಿಯು ತಗ್ಗುವುದನ್ನೂ ತೋರಿಸಿದರು.

ಉತ್ಕರ್ಷಣನಿರೋಧಕವೆಂಬ ಈ ಬಿರುದನ್ನು ಕುರಿತು ಒಂದು ಎಚ್ಚರಿಕೆ ಅವಶ್ಯ. ಬೀಟಾ-ಕ್ಯಾರೊಟಿನ್ನಿಗೂ ಒಂದು ಕಾಲಕ್ಕೆ ಇದೇ ಬಿರುದಿತ್ತು, ಪ್ರನಾಳದ ಪ್ರಯೋಗಗಳೆಲ್ಲ ಅದರ ಪಕ್ಷವನ್ನೇ ವಹಿಸಿದ್ದುವು. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ನಡೆಸಿದ ಪರೀಕ್ಷೆಯ ಫಲವು 1994ರಲ್ಲಿ ಹೊರಬಿದ್ದಾಗ, ದಿನಕ್ಕೆ 20 ಮಿಲಿಗ್ರಾಂ ಬೀಟಾ-ಕ್ಯಾರೊಟಿನ್ ಸೇವಿಸಿದವರಲ್ಲಿ ಶ್ವಾಸಕೋಶದ ಅರ್ಬುದವು ನೂರಕ್ಕೆ 18ರಷ್ಟು ಹೆಚ್ಚಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದೇ ಇನ್ನೊಂದು ಪರೀಕ್ಷೆಯನ್ನು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಗಜ್ಜರಿಯನ್ನು ತಿಂದವರಿಗೆ ಈ ಗತಿ ಬಂದಿರಲಿಲ್ಲ. ಗಜ್ಜರಿಯೊಳಗಿನ ಬಣ್ಣವನ್ನು ಪ್ರತ್ಯೇಕಿಸಿ, ಬಹುಗುಣಿಸಿ ನುಂಗಿದವರಿಗೆ ಬಂತು.

ಈಗ ನನ್ನ ಉಪನ್ಯಾಸದ ಮುಖ್ಯಭಾಗಕ್ಕೆ ಬಂದೆನು. ಸುಂಡಿಲಿಯಲ್ಲಿ ಕಂಡ ಗುಣವು ಮನುಷ್ಯನಲ್ಲಿಯೂ ಕಾಣುವುದೇ?

ಮೊದಲು ಒಂದು ಲೆಕ್ಕವನ್ನು ಮಾಡಿನೋಡೋಣ. 2007ರ ಪ್ರಯೋಗದಲ್ಲಿ ಸುಂಡಿಲಿಗಳ ಆಹಾರದಲ್ಲಿ ಫ್ಯೂಕೋಕ್ಸಾಂಥಿನ್ನಿನ ಗರಿಷ್ಠ ಪ್ರಮಾಣವು ನೂರಕ್ಕೆ 0.2 ಭಾಗ. ನಲವತ್ತು ಗ್ರಾಂ ತೂಗುವ ಸುಂಡಿಲಿ ದಿನಕ್ಕೆ ನಾಲ್ಕು ಗ್ರಾಂ ಆಹಾರವನ್ನು ತಿನ್ನುವುದೆಂದು ಹಿಡಿದರೆ ಅದಕ್ಕೆ ದೊರೆತದ್ದು 8 ಮಿಲಿಗ್ರಾಂ. ಎಂದರೆ ದೇಹದ ತೂಕದ ಕಿಲೋಗ್ರಾಂ ಒಂದಕ್ಕೆ 200 ಮಿಲಿಗ್ರಾಂ. ಸಣ್ಣ ಪ್ರಾಣಿಯ ಜೀವವ್ಯಾಪಾರವು ಶೀಘ್ರಗತಿಯದಾದುದರಿಂದ, ಮನುಷ್ಯನಿಗೆ ಸರಿಹೊಂದಿಸುವಾಗ ಔಷಧಶಾಸ್ತ್ರಜ್ಞರು ಇದನ್ನು ಸುಮಾರು ಹನ್ನೆರಡರಿಂದ ಭಾಗಿಸುವ ರೂಢಿಯುಂಟು. ಹಾಗೆ ಭಾಗಿಸಿದರೂ ಅರವತ್ತು ಕಿಲೋ ತೂಗುವ ವ್ಯಕ್ತಿಗೆ ದಿನವೊಂದಕ್ಕೆ ಒಂದು ಗ್ರಾಂನಷ್ಟು ಬೇಕಾಗುವುದು. ಮಾರುಕಟ್ಟೆಯ ಗುಳಿಗೆಗಳಲ್ಲಿರುವುದು ಸಾಮಾನ್ಯವಾಗಿ ಕೆಲವೇ ಮಿಲಿಗ್ರಾಂ. ಇದು ಸ್ಥೂಲವಾದ ಅಂದಾಜೆಂಬುದನ್ನು ಒಪ್ಪುವೆನು. ಇನ್ನೂ ಕಡಮೆ ಪ್ರಮಾಣದಲ್ಲಿಯೂ ಪ್ರಾಣಿಗಳಲ್ಲಿ ಪರಿಣಾಮ ಕಂಡದ್ದುಂಟು. ಆದರೆ ನೂರಾರು ಪಟ್ಟಿನ ಅಂತರವು ಅಂದಾಜಿನ ದೋಷದಿಂದ ಮುಚ್ಚಿಹೋಗತಕ್ಕದ್ದಲ್ಲ. ಒಂದು ಕಿಲೋ ಒಣಪಾಚಿಯಲ್ಲಿ ಈ ದ್ರವ್ಯವು ಸಾಮಾನ್ಯವಾಗಿ ಕೆಲವೇ ಗ್ರಾಂ ಮಾತ್ರ ಇರುವುದರಿಂದ, ಸುಂಡಿಲಿಗೆ ಸರಿಸಮಾನವಾಗಿ ಸೇವಿಸಬೇಕೆನ್ನುವವನು ಪ್ರತಿನಿತ್ಯವೂ ನೂರಾರು ಗ್ರಾಂ ಒಣಪಾಚಿಯ ಸಾರವನ್ನು ಹೀರಬೇಕಾದೀತು.

ಎರಡನೆಯ ಪ್ರಶ್ನೆ, ನುಂಗಿದ್ದರಲ್ಲಿ ರಕ್ತಕ್ಕೆ ಸೇರುವುದೆಷ್ಟೆಂಬುದು. ಕರುಳಿನಲ್ಲಿ ಈ ದ್ರವ್ಯವು ತನ್ನ ಅಸಿಟೈಲ್ ಭಾಗವನ್ನು ಕಳೆದುಕೊಂಡು ಫ್ಯೂಕೋಕ್ಸಾಂಥಿನಾಲ್ ಆಗುತ್ತದೆ. ಸುಂಡಿಲಿಯಲ್ಲಾದರೋ ಯಕೃತ್ತು ಅದನ್ನು ಮತ್ತೂ ಮಾರ್ಪಡಿಸಿ ಅಮರೌಸಿಯಾಕ್ಸಾಂಥಿನ್ ಎಂಬ ಉದ್ದನೆಯ ಹೆಸರಿನ ಇನ್ನೊಂದು ದ್ರವ್ಯವನ್ನು ಮಾಡುತ್ತದೆ, ಅದು ಕೊಬ್ಬಿನ ಧಾತುವಿನಲ್ಲಿ ಶೇಖರವಾಗುತ್ತದೆ. ಮನುಷ್ಯರ ವಿಷಯವನ್ನು ಜಪಾನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಕೊಂಬು ಎಂಬ ಪಾಚಿಯ ಸತ್ತ್ವದ ರೂಪದಲ್ಲಿ 31 ಮಿಲಿಗ್ರಾಂ ಫ್ಯೂಕೋಕ್ಸಾಂಥಿನ್ನನ್ನು ಸ್ವಯಂಸೇವಕರಿಗೆ ಒಂದೇ ಸಲಕ್ಕೆ ಕೊಟ್ಟರು. ಇದು ಸಾಮಾನ್ಯ ಗುಳಿಗೆಯ ಪ್ರಮಾಣಕ್ಕಿಂತ ಎಷ್ಟೋ ಹೆಚ್ಚು. ನಾಲ್ಕು ಗಂಟೆಗಳ ತರುವಾಯ ರಕ್ತದ್ರವದಲ್ಲಿ ಫ್ಯೂಕೋಕ್ಸಾಂಥಿನಾಲ್ ಶಿಖರವನ್ನು ಮುಟ್ಟಿದಾಗಲೂ ಅದರ ಸಾಂದ್ರತೆ ಲೀಟರಿಗೆ ಸುಮಾರು 44 ನ್ಯಾನೊಮೋಲ್ ಮಾತ್ರ. ನಿತ್ಯವೂ ಸೊಪ್ಪು ತಿನ್ನುವ ನಮ್ಮ ನಿಮ್ಮಂಥವರ ರಕ್ತದಲ್ಲಿ ಸೊಪ್ಪಿನ ಲ್ಯುಟೀನ್ ಕೆಲವು ನೂರು ನ್ಯಾನೊಮೋಲ್‌ಗಳಷ್ಟು ಇರುವುದುಂಟು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಸುಂಡಿಲಿಯ ಕೊಬ್ಬಿನಲ್ಲಿ ಶೇಖರವಾಗುವ ಆ ಉದ್ದನೆಯ ಹೆಸರಿನ ದ್ರವ್ಯವು ಮನುಷ್ಯರ ರಕ್ತದಲ್ಲಿ ಪತ್ತೆಯೇ ಆಗಲಿಲ್ಲ. ದಿನವೂ ಬೇಯಿಸಿದ ವಕಾಮೆಯನ್ನು ಒಂದು ವಾರ ತಿಂದವರಲ್ಲಂತೂ ದೊರೆತದ್ದು ಲೀಟರಿಗೆ ಒಂದು ನ್ಯಾನೊಮೋಲಿಗಿಂತಲೂ ಕಡಮೆ.

ಹೀಗಿರುವಾಗ ಮನುಷ್ಯರ ಮೇಲಣ ಪರೀಕ್ಷೆಗಳು ಏನು ಹೇಳುತ್ತವೆ? ಎಲ್ಲಕ್ಕಿಂತ ಹೆಚ್ಚಾಗಿ ಉದ್ಧರಿಸಲ್ಪಡುವುದು 2010ರಲ್ಲಿ ಪ್ರಕಟವಾದ ರಷ್ಯದ ಪರೀಕ್ಷೆ. ಋತುನಿವೃತ್ತಿಯಾಗದ 151 ಮಂದಿ ಸ್ಥೂಲಕಾಯದ ಮಹಿಳೆಯರು ಅದರಲ್ಲಿದ್ದರು. 113 ಮಂದಿಗೆ ಯಕೃತ್ತಿನಲ್ಲಿ ಕೊಬ್ಬು ಸೇರಿತ್ತು, 38 ಮಂದಿಗೆ ಇರಲಿಲ್ಲ. ಹದಿನಾರು ವಾರಗಳ ಕೊನೆಗೆ, ಹುಸಿಗುಳಿಗೆ ತೆಗೆದುಕೊಂಡವರಿಗೆ ಹೋಲಿಸಿದರೆ, ಮೊದಲ ವರ್ಗದಲ್ಲಿ ಸರಾಸರಿ ಐದೂವರೆ ಕಿಲೋ, ಎರಡನೆಯದರಲ್ಲಿ ಐದಕ್ಕೆ ಸ್ವಲ್ಪ ಕಡಮೆ ತೂಕವು ಇಳಿಯಿತೆಂದು ವರದಿ. ಜಾಹೀರಾತುಗಳಿಗೆ ಇಷ್ಟು ಸಾಕು. ಆದರೆ ಅವರು ತೆಗೆದುಕೊಂಡದ್ದು ಶುದ್ಧ ಫ್ಯೂಕೋಕ್ಸಾಂಥಿನ್ ಅಲ್ಲ. 300 ಮಿಲಿಗ್ರಾಂ ದಾಳಿಂಬೆ ಬೀಜದ ಎಣ್ಣೆಯನ್ನೂ 300 ಮಿಲಿಗ್ರಾಂ ಕಂದುಪಾಚಿಯ ಸತ್ತ್ವವನ್ನೂ ಬೆರೆಸಿದ ಒಂದು ವ್ಯಾಪಾರೀ ಮಿಶ್ರಣ. ಅದರಲ್ಲಿ ಫ್ಯೂಕೋಕ್ಸಾಂಥಿನ್ ಇದ್ದದ್ದು 2.4 ಮಿಲಿಗ್ರಾಂ. ಪಾಚಿಯ ದ್ರವ್ಯವನ್ನಷ್ಟೇ ಕೊಟ್ಟಾಗಲೂ ವಿಶ್ರಾಂತಿಯಲ್ಲಿರುವ ದೇಹದ ಶಕ್ತಿವ್ಯಯವು ಏರಿತೆಂದು ಆ ಲೇಖಕರು ಹೇಳಿರುವರು. ತೂಕದ ಪ್ರಖ್ಯಾತ ಅಂಕಿಗಳು ಮಾತ್ರ ಮಿಶ್ರಣಕ್ಕೆ ಸೇರಿದುವು.

ಇಲ್ಲಿ ನನ್ನ ಬುದ್ಧಿಗೆ ತೊಡಕಾಗುವುದು ಇದು. ಮೂವತ್ತು ಮಿಲಿಗ್ರಾಂ ನುಂಗಿದರೂ ರಕ್ತದಲ್ಲಿ ಲೇಶಮಾತ್ರ ಕಾಣುವ, ಸುಂಡಿಲಿಯ ಲೆಕ್ಕದಲ್ಲಿ ಒಂದು ಗ್ರಾಂನಷ್ಟು ಬೇಕಾಗುವ ದ್ರವ್ಯವು, ಎರಡೂವರೆ ಮಿಲಿಗ್ರಾಂನಿಂದ ಐದು ಕಿಲೋ ತೂಕವನ್ನು ಇಳಿಸಿತೆಂದರೆ, ಮನುಷ್ಯನು ಸುಂಡಿಲಿಗಿಂತ ನೂರಾರು ಪಟ್ಟು ಸೂಕ್ಷ್ಮವೇದಿಯಾಗಿರಬೇಕು, ಅಥವಾ ದಾಳಿಂಬೆಯೆಣ್ಣೆಯೋ ಮತ್ತಾವುದೋ ಕಾರಣವು ಈ ಕೆಲಸವನ್ನು ಮಾಡಿರಬೇಕು. ಮೊದಲನೆಯದನ್ನು ನಂಬುವುದಕ್ಕೆ ಆಧಾರವು ನನಗೆ ಕಾಣದು. ವಯಸ್ಕ ಮನುಷ್ಯರಲ್ಲಿಯೂ ಕಂದುಕೊಬ್ಬು ಕ್ರಿಯಾಶೀಲವಾಗಿ ಉಳಿದಿರುವುದೆಂದು 2009ರಲ್ಲಿ ಏಕಕಾಲಕ್ಕೆ ಮೂರು ತಂಡಗಳು ತೋರಿಸಿಕೊಟ್ಟುದರಿಂದ ಆಶೆಯ ಬಾಗಿಲು ಮುಚ್ಚಿಲ್ಲವೆಂಬುದು ನಿಜ. ಆದರೆ ಸುಂಡಿಲಿಗೆ ಹೋಲಿಸಿದರೆ ನಮ್ಮಲ್ಲಿ ಅದು ಬಲು ಸ್ವಲ್ಪ.

ಜಪಾನಿನಲ್ಲಿಯೇ 2017ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳನ್ನೂ ಹೇಳಬೇಕು. ಒಂದರಲ್ಲಿ ಅಲ್ಪಸ್ಥೌಲ್ಯವುಳ್ಳವರಿಗೆ ನಾಲ್ಕು ವಾರಗಳ ಕಾಲ ದಿನಕ್ಕೆ ಒಂದು ಅಥವಾ ಮೂರು ಮಿಲಿಗ್ರಾಂ ಕೊಟ್ಟರು. ಮೂರು ಮಿಲಿಗ್ರಾಂ ಪಡೆದವರಲ್ಲಿ ತೂಕವೂ ಹೊಟ್ಟೆಯೊಳಗಣ ಕೊಬ್ಬೂ ತಗ್ಗಿದುವು. ಇನ್ನೊಂದರಲ್ಲಿ ಅಕಾಮೊಕು ಎಂಬ ಸರ್ಗಾಸಮ್ ಜಾತಿಯ ಪಾಚಿಯ ಎಣ್ಣೆಯನ್ನು ಎಂಟು ವಾರ ಕೊಟ್ಟಾಗ, ರಕ್ತದ ಸಕ್ಕರೆಯ ದೀರ್ಘಕಾಲಿಕ ಸೂಚಕವಾದ ಎಚ್‌ಬಿಎ1ಸಿ ಇಳಿಯಿತು. ಈ ಇಳಿತಕ್ಕೆ ಯುಸಿಪಿ-1 ಪ್ರೋಟೀನಿನ ವಂಶವಾಹಿಯ ಒಂದು ವಿಶಿಷ್ಟರೂಪವನ್ನು ಪಡೆದು ಹುಟ್ಟಿರುವುದೂ ಕಾರಣವಾಗಿರಬಹುದೆಂದು ಸಂಶೋಧಕರು ಊಹಿಸಿದರು. ನನ್ನ ಮಟ್ಟಿಗೆ ಈ ಎರಡನೆಯ ಪರೀಕ್ಷೆಯು ಐದೂವರೆ ಕಿಲೋಗಳ ವರದಿಗಿಂತ ಹೆಚ್ಚು ಕುತೂಹಲಕರ. ಎಲ್ಲರಿಗೂ ಎಲ್ಲವನ್ನೂ ವಾಗ್ದಾನ ಮಾಡುವ ಬದಲು, ಕೆಲವರಿಗೆ ಕೊಂಚಮಟ್ಟಿಗೆ ಉಪಯೋಗವಾಗಬಹುದೆಂಬ, ಕಾರಣಸಹಿತವಾದ ಮಾತನ್ನು ಅದು ಆಡುತ್ತದೆ. ಆದರೂ ಪರೀಕ್ಷೆಗಳು ಸಣ್ಣವು, ಅವಧಿಗಳು ಮೊಟಕು.

ನಾಲ್ಕನೆಯ ಭಾಗವನ್ನು ಚುಟುಕಾಗಿ ಮುಗಿಸಬಹುದು, ಆದರೆ ಬಿಡುವಂತಿಲ್ಲ. ಶುದ್ಧ ಫ್ಯೂಕೋಕ್ಸಾಂಥಿನ್ ಸುಂಡಿಲಿಗಳಲ್ಲಿ ದೊಡ್ಡ ಪ್ರಮಾಣದಲ್ಲಿಯೂ ವಿಷಕಾರಿಯಾಗಿ ಕಂಡುಬಂದಿಲ್ಲ, ರಕ್ತದ ಕೊಲೆಸ್ಟರಾಲನ್ನು ಅದು ಏರಿಸಿತೆಂಬ ಒಂದು ಅಪಸ್ವರವುಂಟು. ಹೆಚ್ಚಿನ ಅಪಾಯವಿರುವುದು ವರ್ಣದ್ರವ್ಯದಲ್ಲಲ್ಲ, ಅದರ ಸಂಗಡಿಗರಲ್ಲಿ. ಅಯೋಡಿನ್ ಎಂಬ ಧಾತುವನ್ನು ಬೆರ್ನಾರ್ ಕೂರ್ತ್ವಾ 1811ರಲ್ಲಿ ಕಂಡುಹಿಡಿದದ್ದೇ ಕಡಲಪಾಚಿಯ ಬೂದಿಯಲ್ಲಿ. ವಯಸ್ಕನಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೊಗ್ರಾಂ. ಒಂದೇ ಗ್ರಾಂ ಒಣ ಕೊಂಬುವಿನಲ್ಲಿ ಎರಡು ಸಾವಿರ ಮೈಕ್ರೊಗ್ರಾಂ ಇರುವುದುಂಟು. ಮಲೆನಾಡಿನ ಹಿರಿಯರು ಗಳಗಂಡವೆಂದರೆ ಅಯೋಡಿನ್ನಿನ ಕೊರತೆಯೆಂದೇ ತಿಳಿದಿರುವರು, ಅದು ಸರಿಯೂ ಹೌದು. ಹೊಕ್ಕೈಡೊವಿನ ಕಡಲತೀರದಲ್ಲಿ ಮಾತ್ರ, ಕೊಂಬುವನ್ನು ಮಿತಿಮೀರಿ ತಿನ್ನುತ್ತಿದ್ದ ಜನರಲ್ಲಿ, ಅಯೋಡಿನ್ನಿನ ಅತಿರೇಕದಿಂದ ಗಳಗಂಡವು ಹಬ್ಬಿದ್ದುದನ್ನು ಅಲ್ಲಿಯ ವೈದ್ಯರು 1965ರಲ್ಲಿ ವರ್ಣಿಸಿರುವರು. ನಮ್ಮಲ್ಲಿ ಅಯೋಡಿನ್ ಬೆರೆತ ಉಪ್ಪು ಮನೆಮನೆಗೂ ಬಂದಿದೆ. ಹತ್ತು ಗ್ರಾಂ ಉಪ್ಪಿನಲ್ಲಿ, ಕಾನೂನಿನ ಕನಿಷ್ಠ ಮಟ್ಟದಲ್ಲಿಯೂ, ಆ 150 ಮೈಕ್ರೊಗ್ರಾಂ ದೊರಕುತ್ತದೆ. ಶುದ್ಧೀಕರಿಸಿದ ಎಣ್ಣೆಯ ರೂಪದ ಸತ್ತ್ವದಲ್ಲಿ ಅಯೋಡಿನ್ ಅಷ್ಟಾಗಿ ಉಳಿಯದು. ಬರಿಯ ಪಾಚಿಯ ಪುಡಿಯನ್ನು ತುಂಬಿದ ಗುಳಿಗೆಗಳಲ್ಲಾದರೋ ಪೂರ್ತಿಯಾಗಿ ಇರುವುದು. ಹಿಜಿಕಿ ಎಂಬ ಇನ್ನೊಂದು ಕಂದುಪಾಚಿಯನ್ನು ಅದರಲ್ಲಿರುವ ನಿರವಯವ ಆರ್ಸೆನಿಕ್ಕಿನ ಕಾರಣದಿಂದ ತಿನ್ನಬಾರದೆಂದು ಬ್ರಿಟನ್ನಿನ ಆಹಾರ ಪ್ರಾಧಿಕಾರವು 2004ರಲ್ಲಿ ಜನರಿಗೆ ಸಲಹೆಯಿತ್ತಿತು.

ಇಂಥ ಗುಳಿಗೆಗಳು ಕಾನೂನಿನ ದೃಷ್ಟಿಯಲ್ಲಿ ಔಷಧಗಳಲ್ಲ, ಆಹಾರಪೂರಕಗಳು. ಅಮೆರಿಕದಲ್ಲಿ 1994ರ ಅಧಿನಿಯಮದ ಪ್ರಕಾರ, ಮಾರಾಟಕ್ಕೆ ಮುಂಚೆ ಗುಣವನ್ನು ಸಿದ್ಧಪಡಿಸಿ ತೋರಿಸುವ ಹೊಣೆ ತಯಾರಕರಿಗಿಲ್ಲ. ನಮ್ಮ ದೇಶದ ನಿಯಮಗಳೂ ಈ ವರ್ಗದ ಪದಾರ್ಥಗಳ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂಬರ್ಥದ ಒಕ್ಕಣೆಯನ್ನು ಕಡ್ಡಾಯ ಮಾಡಿವೆ. ಡಬ್ಬಿಯ ಮುಂಭಾಗದ ಚಿತ್ರವು ಒಂದು ಮಾತನ್ನು ಹೇಳಿದರೆ ಹಿಂಭಾಗದ ಸಣ್ಣಕ್ಷರವು ಇನ್ನೊಂದನ್ನು ಹೇಳುತ್ತಿರುವುದು ಹೀಗಾಗಿ.

ಹಾಗಾದರೆ ಇದನ್ನು ಕೊಂಡು ಸೇವಿಸಬಹುದೇ ಎಂದು ಕೇಳುವವರು ಈ ಸಭೆಯಲ್ಲಿಯೂ ಇರಬಹುದು. ಥೈರಾಯ್ಡ್ ಗ್ರಂಥಿಯ ತೊಂದರೆಯುಳ್ಳವರೂ, ಗರ್ಭಿಣಿಯರೂ, ಮೊಲೆಯೂಡಿಸುವ ತಾಯಂದಿರೂ ಇದರ ಗೊಡವೆಗೆ ಹೋಗಕೂಡದೆಂಬುದೇ ನನ್ನ ಅಭಿಪ್ರಾಯ. ಮಧುಮೇಹಕ್ಕೋ ರಕ್ತದೊತ್ತಡಕ್ಕೋ ಔಷಧ ಸೇವಿಸುತ್ತಿರುವವರು ಆ ಔಷಧವನ್ನು ಬಿಟ್ಟು ಇದನ್ನು ಹಿಡಿಯುವುದು ಅವಿವೇಕ. ಉಳಿದವರು, ಕೊಂಡೇ ಕೊಳ್ಳುವುದಾದರೆ, ಗುಳಿಗೆಯೊಂದರಲ್ಲಿ ಫ್ಯೂಕೋಕ್ಸಾಂಥಿನ್ ಎಷ್ಟು ಮಿಲಿಗ್ರಾಂ, ಅಯೋಡಿನ್ ಎಷ್ಟು ಮೈಕ್ರೊಗ್ರಾಂ, ಪಾಚಿಯ ಜಾತಿ ಯಾವುದು ಎಂಬ ಮೂರನ್ನೂ ಡಬ್ಬಿಯ ಮೇಲೆ ಹುಡುಕಲಿ. ಮೂರರಲ್ಲಿ ಒಂದು ಕಾಣದಿದ್ದರೂ ಡಬ್ಬಿಯನ್ನು ಅಂಗಡಿಯವನಿಗೇ ಹಿಂದಿರುಗಿಸಲಿ. ಎಣ್ಣೆಯಲ್ಲಿ ಕರಗುವ ದ್ರವ್ಯವಾದ್ದರಿಂದ ಬರಿಹೊಟ್ಟೆಯಲ್ಲಿ ನುಂಗಿದರೆ ಸೇರುವ ಅಲ್ಪವೂ ಸೇರದು, ಊಟದೊಡನೆಯೇ ತೆಗೆದುಕೊಳ್ಳತಕ್ಕದ್ದು. ಮೂರು ತಿಂಗಳಿಗೂ ಮಿಕ್ಕಿ ಸೇವಿಸುವವರು ಥೈರಾಯ್ಡ್ ಮತ್ತು ಕೊಲೆಸ್ಟರಾಲ್‌ಗಳ ರಕ್ತಪರೀಕ್ಷೆಯನ್ನು ಮೊದಲೊಮ್ಮೆ, ನಡುವೆ ಒಮ್ಮೆ ಮಾಡಿಸಿಕೊಂಡು, ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ತಮ್ಮ ವೈದ್ಯರ ಬಳಿಗೆ ಹೋಗಲಿ.